ಹುಳದ ಹೆಸರು ಕೇಳುವ ಚಟ

ನಶ್ಯ, ಇಸ್ಪೀಟು, ಪದಬಂಧ ಮುಂತಾದ ಚಟಗಳಿಗೆಲ್ಲ ಒಂದು ಗೌರವವಿದೆ. ಅವುಗಳಿಂದ ದುಡ್ಡು ಹೋಗುತ್ತದೆ, ಹೊತ್ತು ಹೋಗುತ್ತದೆ, ಮನೆಯವರಿಗೆ ಬೈಯಲು ಒಂದು ಕಾರಣವಾದರೂ ಸಿಗುತ್ತದೆ. ಹುಳ ಕಂಡಲ್ಲೆಲ್ಲ ಬಗ್ಗಿ ನಿಂತು ಅದರ ಹೆಸರೇನೆಂದು ಕೇಳುವ ಚಟದಲ್ಲಿ ಹೋಗುವುದು ಮರ್ಯಾದೆ ಮಾತ್ರ. ಬೇಲಿಯ ಸಂದಿಗೆ ತಲೆ ತೂರಿಸಿ ನಿಂತವನನ್ನು ಹಾದಿಹೋಕರು ಹೇಗೆ ನೋಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. "ಎಂತ ಕಳ್ಕೊಂಡ್ರಿ ಮಾರಾಯ್ರೇ?" ಎಂದು ನಿಂತು ಕೇಳುತ್ತಾರೆ. "ಏನಿಲ್ಲ, ಒಂದು ಹುಳ ನೋಡ್ತಿದ್ದೆ" ಎಂದರೆ ಸಾಕು, ನಾನು ಕಳೆದುಕೊಂಡದ್ದು ಏನೆಂದು ಅವರಿಗೆ ತಟ್ಟನೆ ಹೊಳೆದುಬಿಡುತ್ತದೆ. ಮುಂದೆ ಮಾತಾಡದೆ ಹೊರಟುಹೋಗುತ್ತಾರೆ.

ಈ ಚಟದಲ್ಲಿ ನನಗಿಂತ ಕೈಮೀರಿ ಹೋದವರಿದ್ದಾರೆ ಎಂಬುದೊಂದು ಸಮಾಧಾನ. ಚಾರ್ಲ್ಸ್ ಡಾರ್ವಿನ್ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಪಾಠಕ್ಕಿಂತ ದುಂಬಿ ಹಿಡಿಯುವುದರಲ್ಲೇ ಅವನಿಗೆ ಹೆಚ್ಚು ಆಸಕ್ತಿ. ಒಮ್ಮೆ ಹಳೆಯ ತೊಗಟೆ ಕಿತ್ತಾಗ ಎರಡು ಅಪರೂಪದ ದುಂಬಿಗಳು ಕಂಡವು. ಕೈಗೊಂದರಂತೆ ಹಿಡಿದುಕೊಂಡ. ಅಷ್ಟರಲ್ಲಿ ಮೂರನೆಯದು ಕಾಣಿಸಿತು. ಬಿಡಲು ಮನಸ್ಸು ಬಾರದೆ ಬಲಗೈಯಲ್ಲಿದ್ದದ್ದನ್ನು ಬಾಯಿಗೆ ಹಾಕಿಕೊಂಡ. ಅದು ನಾಲಿಗೆ ಸುಡುವಂಥ ರಸ ಬಿಟ್ಟಿತು. ಉಗಿಯಲೇಬೇಕಾಯಿತು. ಬಾಯಲ್ಲಿದ್ದದ್ದೂ ಹೋಯಿತು, ಮೂರನೆಯದೂ ಹೋಯಿತು. ಇದನ್ನು ಆತ್ಮಕಥೆಯಲ್ಲಿ ಅವನೇ ಬರೆದುಕೊಂಡಿದ್ದಾನೆ. ನಾನಿನ್ನೂ ಬಾಯಿಯವರೆಗೆ ಹೋಗಿಲ್ಲ.

ಹೆಸರು ಕೇಳುತ್ತ ಹೊರಟರೆ ಮುಗಿಯುವ ಕೆಲಸವೂ ಅಲ್ಲ ಇದು. ದುಂಬಿಗಳ ಕುಲದಲ್ಲಿ ಈವರೆಗೆ ಹೆಸರಿಟ್ಟು ದಾಖಲಿಸಿದ ಪ್ರಭೇದಗಳೇ ಸುಮಾರು 4 ಲಕ್ಷ. ಭೂಮಿಯ ಮೇಲೆ ಹೆಸರು ಪಡೆದ ಪ್ರಾಣಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ದುಂಬಿ. ಸೃಷ್ಟಿಯನ್ನು ನೋಡಿದರೆ ಸೃಷ್ಟಿಕರ್ತನ ಬಗ್ಗೆ ಏನು ತಿಳಿಯುತ್ತದೆ ಎಂದು ಕೇಳಿದವರಿಗೆ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, ಅವನಿಗೆ ದುಂಬಿಗಳ ಮೇಲೆ ವಿಪರೀತ ಮೋಹವಿದ್ದಂತಿದೆ ಎಂದರಂತೆ. ಇದೇ ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ನಮ್ಮ ದೇಶಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ದುಂಬಿಯ ಮೋಹವಿದ್ದ ದೇವರನ್ನು ಹುಡುಕಿಕೊಂಡು ಬಂದವರು ಸರಿಯಾದ ಜಾಗಕ್ಕೇ ಬಂದರು ಅನ್ನಿಸುತ್ತದೆ.

ದುಂಬಿ ಹೌದೋ ಅಲ್ಲವೋ ಎಂದು ತಿಳಿಯಲು ಮಾತ್ರ ಪಾಂಡಿತ್ಯ ಬೇಡ. ಬೆನ್ನ ಮೇಲೆ ಎರಡು ಗಟ್ಟಿ ಕವಚಗಳಿದ್ದು, ಅವು ನಡುಬೆನ್ನಿನಲ್ಲಿ ನೇರ ಗೆರೆಯಾಗಿ ಕೂಡಿದ್ದರೆ ಅದು ದುಂಬಿ. ಕವಚಗಳೆಂದರೆ ಮುಂದಿನ ರೆಕ್ಕೆಗಳೇ, ಹಾರುವ ರೆಕ್ಕೆ ಅವುಗಳ ಅಡಿಯಲ್ಲಿ ಮಡಚಿರುತ್ತದೆ. ಗೆರೆಯ ಬದಲು ರೆಕ್ಕೆಗಳು ಒಂದರ ಮೇಲೊಂದು ಕತ್ತರಿ ಹಾಕಿ ಕೂತಿದ್ದರೆ, ಬಾಯಿಯ ಜಾಗದಲ್ಲಿ ಸೂಜಿ ಇದ್ದರೆ, ಅದು ರಸ ಹೀರುವ ತಿಗಣೆಯ ಬಳಗ. ಕಾಲು ಎಂಟಿದ್ದರೆ ಕೀಟವೇ ಅಲ್ಲ. ಮೊದಲ ಮಳೆಗೆ ಕೆಂಪು ಮಖಮಲ್ಲು ಹೊದ್ದು ನೆಲದ ಮೇಲೆ ಹರಿದಾಡುವ ಇಂದ್ರಗೋಪವನ್ನು ಕವಿಗಳು ಹುಳವೆಂದೇ ಹಾಡಿದರು. ಕಾಲೆಣಿಸಿದರೆ ಅದು ಜೇಡರ ಹತ್ತಿರದ ನೆಂಟ.

ಇಲ್ಲಿಂದ ಮುಂದೆ ಪಾಂಡಿತ್ಯ ಬೇಕು, ಅದು ನನ್ನಲ್ಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇದೆ. ಹುಳದ ಕಾಲಿನ ಮುಳ್ಳು, ಮೀಸೆಯ ಗಂಟು, ಹೊಟ್ಟೆಯ ಪಟ್ಟಿ ನೋಡಿ ಕುಲಗೋತ್ರ ಹೇಳುವವರು ಅಂಥ ಕಡೆ ಇದ್ದಾರೆ. ನನ್ನಂಥವನ ದಾರಿ ಬೇರೆ. ಹುಳ ಯಾವ ಗಿಡದ ಮೇಲಿದೆ, ಯಾವ ಹೊತ್ತಿಗೆ ಬಂದಿದೆ, ಏನು ಮಾಡುತ್ತಿದೆ ಎಂದು ನೋಡುತ್ತ ಕೂರುವುದು. ಈ ಮೂರು ಗೊತ್ತಾದರೆ ಹೆಸರು ತಾನಾಗಿ ಹತ್ತಿರ ಬರುತ್ತದೆ. ಬಾರದಿದ್ದರೂ ನಷ್ಟವಿಲ್ಲ, ನೋಡಿದ್ದು ಉಳಿಯುತ್ತದೆ.

ನಾನು ಬಯಲುಸೀಮೆಯವನು, ಮಲೆನಾಡಿಗೆ ಬಂದದ್ದು ನೌಕರಿಯ ನೆಪದಲ್ಲಿ. ನಮ್ಮ ಕಡೆ ಹುಡುಗರಿಗೆ ದುಂಬಿ ಎಂದರೆ ಜೀರ್ಜಿಂಬೆ. ಮಳೆ ಬಿದ್ದ ಮೇಲೆ ಜಾಲಿ ಗಿಡದಲ್ಲಿ ಹಸಿರು ಹೊಳೆಯುತ್ತ ಕೂತಿರುತ್ತಿತ್ತು. ಹಿಡಿದು ಬೆಂಕಿಪೊಟ್ಟಣದೊಳಗೆ ಜಾಲಿ ಸೊಪ್ಪು ಹಾಸಿ ಸಾಕುವುದು, ಕಿವಿಗೆ ಹಿಡಿದು ಒಳಗೆ ಪರಚುವ ಸದ್ದು ಕೇಳುವುದು, ಮೊಟ್ಟೆ ಇಟ್ಟಿತೆಂದರೆ ಊರಿಗೆಲ್ಲ ತೋರಿಸುವುದು. ಮೊಟ್ಟೆ ಇಡುವ ಜೀರ್ಜಿಂಬೆಗೆ ಗೋಲಿ, ಬಳಪಗಳಲ್ಲಿ ಒಳ್ಳೆಯ ಬೆಲೆಯಿತ್ತು. ಆ ಮೊಟ್ಟೆಯಿಂದ ಮರಿ ಬಂದದ್ದನ್ನು ಕಂಡವರು ಯಾರೂ ಇರಲಿಲ್ಲ. ಬರುವುದಾದರೂ ಹೇಗೆ? ಅದರ ಮರಿ ಬೆಳೆಯಬೇಕಾದದ್ದು ಮಣ್ಣಿನೊಳಗೆ, ಬೇರು ತಿಂದುಕೊಂಡು. ನಮ್ಮ ಕಣ್ಣಿಗೆ ಬೀಳುವ ಹಸಿರು ಹೊಳಪು ಅದರ ಬಾಳಿನ ಕೊನೆಯ ಕೆಲವು ವಾರಗಳದ್ದು.

ಆ ಹೊಳಪಿನ ಗುಟ್ಟೇ ಬೇರೆ. ಕವಚದಲ್ಲಿ ಹಸಿರು ಬಣ್ಣವೆಂಬುದು ಇಲ್ಲ. ತೀರಾ ತೆಳುವಾದ ಪದರಗಳು ಒಂದರ ಮೇಲೊಂದು ಕೂತು ಬೆಳಕಿನಲ್ಲಿ ಹಸಿರನ್ನು ಮಾತ್ರ ತಿರುಗಿಸಿ ಕಳಿಸುತ್ತವೆ. ಬಣ್ಣವೇ ಇಲ್ಲದ ಮೇಲೆ ಮಾಸುವುದೆಲ್ಲಿಂದ ಬಂತು? ಜಪಾನಿನ ನಾರಾದ ಹೊರ್ಯೂಜಿ ದೇಗುಲದಲ್ಲಿ 7ನೆಯ ಶತಮಾನದ ಒಂದು ಪುಟ್ಟ ಮಂಟಪವಿದೆ. ಅದನ್ನು ಇದೇ ಬಳಗದ ದುಂಬಿಯ ಕವಚಗಳಿಂದ ಸಿಂಗರಿಸಿದ್ದರು. ಈಗ ಹೆಚ್ಚಿನವು ಉದುರಿಹೋಗಿವೆ. 1903ರ ದೆಹಲಿ ದರ್ಬಾರಿನಲ್ಲಿ ವೈಸರಾಯ್ ಕರ್ಜನ್ನನ ಹೆಂಡತಿ ಉಟ್ಟ ನವಿಲುಗರಿಯ ಉಡುಪು ಜಗತ್ಪ್ರಸಿದ್ಧ. ಜರತಾರಿಯ ಕಸೂತಿ ಮಾಡಿದವರು ನಮ್ಮವರು. ಪ್ರತಿ ಗರಿಯ ಕಣ್ಣಿನಲ್ಲಿ ಮಿಂಚುತ್ತಿದ್ದದ್ದು ದುಂಬಿಯ ಕವಚ. ಪಚ್ಚೆಕಲ್ಲೆಂದು ಭಾವಿಸಿದವರೂ ಇದ್ದರು. ಆಳುವವರ ದೊರೆಸಾನಿ ಮೈಮೇಲೆ ಹೊತ್ತು ಮೆರೆದದ್ದು ನಮ್ಮ ಹುಡುಗರು ಬೆಂಕಿಪೊಟ್ಟಣದಲ್ಲಿ ಸಾಕುವ ಹುಳದ ಬಳಗವನ್ನು ಎಂಬುದು ನೆನಪಾದಾಗಲೆಲ್ಲ ನನಗೊಂದು ಸಣ್ಣ ಹೆಮ್ಮೆ.

ಜೀರ್ಜಿಂಬೆಯ ಹಸಿರು ಸತ್ತ ಮೇಲೂ ಉಳಿಯುತ್ತದೆ. ಗೆಣಸಿನ ಬಳ್ಳಿಯ ಮೇಲೆ ಕೂರುವ ಆಮೆದುಂಬಿಯದು ಇದಕ್ಕೆ ತದ್ವಿರುದ್ಧ. ಅಂಚಿಗೆ ಗಾಜಿನಂಥ ಪಾರದರ್ಶಕ ಪಟ್ಟಿ, ನಡುವೆ ಅಪ್ಪಟ ಚಿನ್ನ. ಚಿಕ್ಕ ಆಮೆ ಎಲೆಗೆ ಅಂಟಿಕೊಂಡಂತೆ ಕಾಲು, ತಲೆ ಎಲ್ಲ ಒಳಗೆ. ಇರುವೆ ಬಂದು ಸುತ್ತ ಹುಡುಕಿದರೂ ಕಚ್ಚಲು ಒಂದು ಅಂಚು ಸಿಗುವುದಿಲ್ಲ. ಈ ಚಿನ್ನವನ್ನು ಜೋಪಾನ ಮಾಡುತ್ತೇನೆಂದು ಡಬ್ಬಿಗೆ ಹಾಕಿದವರಿಗೆ ಸಿಗುವುದು ಒಂದು ಕಂದು ಸಿಪ್ಪೆ. ಕವಚದ ಪದರಗಳಲ್ಲಿ ತೇವ ಇರುವಷ್ಟು ಹೊತ್ತು ಚಿನ್ನ, ಜೀವ ಹೋಗಿ ತೇವ ಆರಿತೆಂದರೆ ಅದೂ ಹೋಯಿತು. ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಇದನ್ನು ನೋಡಿದವನಿಗೆ ಗೆಣಸಿನ ಬಳ್ಳಿಯ ಮೇಲೆ ಕಂಡದ್ದು ಅದೇ ಎಂದರೆ ನಂಬಿಕೆ ಬರಲಿಕ್ಕಿಲ್ಲ.

ಇದರ ಮರಿಯ ವೇಷ ಇನ್ನೂ ಚೆನ್ನ. ಮೈಯಂಚಿಗೆಲ್ಲ ಮುಳ್ಳು, ಬಾಲದ ತುದಿಗೆ ಒಂದು ಕವಲು. ಪೊರೆ ಕಳಚಿದಾಗಲೆಲ್ಲ ಹಳೆಯ ಪೊರೆಯನ್ನು ಬಿಸಾಡದೆ ಆ ಕವಲಿಗೆ ಸಿಕ್ಕಿಸಿಕೊಳ್ಳುತ್ತದೆ. ಕೆಲವು ಜಾತಿಯವು ಹಿಕ್ಕೆಯನ್ನೂ ಸೇರಿಸಿ ಬೆನ್ನ ಮೇಲೆ ಕೊಡೆ ಹಿಡಿಯುತ್ತವೆ. ಹುಲ್ಲುಕಡ್ಡಿಯಿಂದ ಪಕ್ಕೆ ಮುಟ್ಟಿ ನೋಡಿ. ಕೊಡೆ ಆ ಕಡೆಗೇ ವಾಲುತ್ತದೆ. ಇನ್ನೊಂದು ಪಕ್ಕೆ ಮುಟ್ಟಿದರೆ ಅತ್ತ ವಾಲುತ್ತದೆ. ಎದುರಾಳಿಯ ಬಾಯಿಗೆ ಮೊದಲು ಸಿಗುವುದು ಈ ಕಸ. ಹೊಲಸನ್ನೇ ಗುರಾಣಿ ಮಾಡಿಕೊಂಡು ಬದುಕುವವರು ಹುಳಗಳಲ್ಲಷ್ಟೇ ಇದ್ದಾರೆಂದು ನಾನು ಹೇಳುತ್ತಿಲ್ಲ.

ನೋಡುತ್ತ ಕೂರಲು ಪುರುಸೊತ್ತಿದ್ದವರಿಗೆ ಮಾವಿನ ಚಿಗುರಿಗಿಂತ ಒಳ್ಳೆಯ ಜಾಗವಿಲ್ಲ. ಎಳೆಯ ಎಲೆಯ ತುದಿಯಲ್ಲಿ ಬೆರಳ ಗಾತ್ರದ ಸುರುಳಿಯೊಂದು ನೇತಾಡುತ್ತಿದ್ದರೆ ಅದು ಒಂದು ಮೂತಿಹುಳದ ಕೈಕೆಲಸ. ಗೇರು ಮರದಲ್ಲೂ ಕಾಣುತ್ತದೆ. ಕೆಂಗಂದು ಬಣ್ಣದ, ಕತ್ತು ಮುಂದಕ್ಕೆ ಚಾಚಿದ ಸಣ್ಣ ಹುಳ. ತಾಯಿ ಮೊದಲು ಎಲೆಯ ಮೇಲೆ ಆ ಬದಿಯಿಂದ ಈ ಬದಿಗೆ ಅಳೆದು ನೋಡುವವಳಂತೆ ಓಡಾಡುತ್ತಾಳೆ. ಆಮೇಲೆ ಅಂಚಿನಿಂದ ನಡುನರದ ಕಡೆಗೆ ಅಡ್ಡಲಾಗಿ ಕತ್ತರಿಸುತ್ತಾಳೆ. ನರವನ್ನು ತುಂಡು ಮಾಡುವುದಿಲ್ಲ, ಅಲ್ಲಲ್ಲಿ ಕಚ್ಚಿ ಬಿಡುತ್ತಾಳೆ. ಕತ್ತರಿಸಿದ ಭಾಗಕ್ಕೆ ನೀರು ಸರಿಯಾಗಿ ಏರದೆ ಎಲೆ ಬಾಡಿ ಮೆತ್ತಗಾಗುತ್ತದೆ. ಬಿರುಸಾದ ಎಲೆ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ, ಬಾಡಿದ್ದು ಮಾತು ಕೇಳುತ್ತದೆ. ಈಗ ಎಲೆಯನ್ನು ನಡುನರದ ಮೇಲೆ ಮಡಚಿ, ತುದಿಯಿಂದ ಸುತ್ತಲು ಶುರುಮಾಡುತ್ತಾಳೆ. ನಮ್ಮತ್ತೆ ಪತ್ರೊಡೆ ಸುತ್ತುವಾಗ ಹೇಗೆ ಪ್ರತಿ ಸುತ್ತಿಗೂ ಎರಡು ಬದಿಯನ್ನು ಒಳಗೆ ಮಡಚಿ ಒತ್ತುತ್ತಾರೋ ಥೇಟು ಹಾಗೆ. ಒಳಗೊಂದು ಮೊಟ್ಟೆ ಸೇರುತ್ತದೆ, ಮತ್ತೆ ಸುತ್ತು ಮುಂದುವರಿಯುತ್ತದೆ. ನೂಲಿಲ್ಲ, ಅಂಟಿಲ್ಲ. ಆರು ಕಾಲು ಮತ್ತು ಒಂದು ಮೂತಿ, ಅಷ್ಟೇ ಸಲಕರಣೆ. ಮರಿಗೆ ಅದೇ ಮನೆ, ಅದೇ ಊಟ. ಗೋಡೆ ತಿನ್ನುತ್ತ ಬೆಳೆಯುತ್ತದೆ.

ಇದನ್ನು ಅತ್ತೆಯವರಿಗೂ ತೋರಿಸಿದೆ. ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿದರು. "ಮಸಾಲೆ ಹಾಕಿದ್ದು ಕಾಣ್ಲಿಲ್ಲ" ಎಂದು ಹೇಳಿ ಒಳಗೆ ಹೋದರು. ಕೀಟಶಾಸ್ತ್ರದ ಪುಸ್ತಕಗಳಲ್ಲಿ ಇಷ್ಟು ಚೊಕ್ಕದಾದ ಟಿಪ್ಪಣಿ ನಾನು ಓದಿಲ್ಲ.

ಇನ್ನು ಕಣಜದ ವಿಷಯ. ಅದು ದುಂಬಿಯಲ್ಲ, ನಿಜ. ಆದರೆ ನಮ್ಮ ನಾಡಿನಲ್ಲಿ ಹುಳದ ನಡವಳಿಕೆಯ ಬಗ್ಗೆ ಮಾತೆತ್ತಿ ಕುಂಬಾರ ಕಣಜವನ್ನು ಬಿಟ್ಟರೆ ಹಿರಿಯರು ಒಪ್ಪುವುದಿಲ್ಲ. ಕಿಟಕಿಯ ಸರಳಿಗೋ ಗೋಡೆಯ ಮೂಲೆಗೋ ಕತ್ತು ಬಾಯಿ ಸಮೇತ ಪುಟ್ಟ ಮಣ್ಣಿನ ಕೊಡ ಕಟ್ಟುವುದು ಇದೇ. ಕೊಡದೊಳಗೆ ಹಸಿರು ಕಂಬಳಿಹುಳಗಳನ್ನು ತಂದು ತುಂಬಿ ಬಾಯಿ ಮುಚ್ಚಿ ಹೋಗುತ್ತದೆ. ಕೆಲವು ವಾರ ಕಳೆದ ಮೇಲೆ ಕೊಡ ಒಡೆದು ಹೊರಗೆ ಬರುವುದು ಕಂಬಳಿಹುಳವಲ್ಲ, ಕಣಜ! ಹಿಂದಿನವರು ಇದನ್ನು ನೋಡಿದರು. ಒಳಗೆ ಹೋದದ್ದು ಕೀಟ, ಹೊರಗೆ ಬಂದದ್ದು ಭ್ರಮರ. ಹೊರಗೆ ಝೇಂಕರಿಸುವ ಭ್ರಮರವನ್ನೇ ಹೆದರಿಕೆಯಿಂದ, ಏಕಚಿತ್ತದಿಂದ ನೆನೆದು ನೆನೆದು ಕೀಟ ತಾನೇ ಭ್ರಮರವಾಯಿತು ಎಂದರು. ವೇದಾಂತಿಗಳಿಗೆ ಅದು ಭ್ರಮರ ಕೀಟ ನ್ಯಾಯ. ವಚನಗಳಲ್ಲಿ ಬರುವ ಕೀಡಿ ಕುಂಡಲಿಗರೂ ಇದೇ ಜೋಡಿ. ಜೀವ ಶಿವನಾಗುವುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಎಲ್ಲಿ ಸಿಕ್ಕೀತು?

ಕೊಡದೊಳಗಿನ ಸಂಗತಿ ಅಷ್ಟು ಸಾತ್ವಿಕವಾದುದಲ್ಲ. ಕಂಬಳಿಹುಳಗಳು ಸತ್ತಿರುವುದಿಲ್ಲ, ಕಣಜ ಕುಟುಕಿ ಕೈಕಾಲು ಬೀಳಿಸಿರುತ್ತದೆ. ಸತ್ತರೆ ಕೊಳೆಯುತ್ತವೆ. ಜೀವವಿದ್ದು ಅಲ್ಲಾಡದಿದ್ದರೆ ಮಾಂಸ ತಾಜಾ ಇರುತ್ತದೆ. ಮೊಟ್ಟೆಯಿಂದ ಬಂದ ಕಣಜದ ಮರಿ ಅವುಗಳನ್ನು ಒಂದೊಂದಾಗಿ ತಿಂದು ಬೆಳೆಯುತ್ತದೆ. ಫ್ರಾನ್ಸಿನ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಕಲ್ಲುಮುಳ್ಳಿನ ತುಂಡುಭೂಮಿ ಕೊಂಡು ಹುಳ ನೋಡುವುದಕ್ಕೆಂದೇ ಬಾಳು ಸವೆಸಿದ ಜ್ಯಾಂ ಹೆನ್ರಿ ಫಾಬ್ರೆ ಇಂಥ ಕೊಡಗಳನ್ನು ಬಿಚ್ಚಿ ನೋಡಿದ. ಮೊಟ್ಟೆ ಹುಳಗಳ ರಾಶಿಯ ಮೇಲಿರಲಿಲ್ಲ. ಕೊಡದ ಮಾಡಿನಿಂದ ಒಂದು ಎಳೆಯಲ್ಲಿ ನೇತಾಡುತ್ತಿತ್ತು! ಅರೆಜೀವದ ಹುಳಗಳು ಹೊರಳಿದರೆ ಮೊಟ್ಟೆ ನಜ್ಜುಗುಜ್ಜಾದೀತು ಎಂದು ಈ ಏರ್ಪಾಡು. ಫಾಬ್ರೆಯ ಕೀಟಗ್ರಂಥ ಹತ್ತು ಸಂಪುಟಗಳದ್ದು. ಡಾರ್ವಿನ್ನನೂ ಅವನ ಕಣ್ಣನ್ನು ಮೆಚ್ಚಿದ್ದ.

ಹಾಗೆಂದು ನಮ್ಮ ಹಿರಿಯರನ್ನು ನಗುವವರ ಗುಂಪಿಗೆ ನಾನು ಸೇರುವುದಿಲ್ಲ. ಕೀಟ ಒಳಗೆ ಹೋದದ್ದನ್ನೂ ಭ್ರಮರ ಹೊರಗೆ ಬಂದದ್ದನ್ನೂ ಅವರು ಸರಿಯಾಗಿಯೇ ನೋಡಿದ್ದರು. ಅಷ್ಟು ದಿನ ಒಂದು ಮಣ್ಣಿನ ಕೊಡದ ಮೇಲೆ ಕಣ್ಣಿಡುವ ತಾಳ್ಮೆ ಇಂದು ಎಷ್ಟು ಜನರಿಗಿದೆ? ಕೊಡ ಒಡೆಯುವುದೊಂದು ಬಾಕಿಯಿತ್ತು. ಬಹುಶಃ ಅಹಿಂಸೆ ಅಡ್ಡ ಬಂದಿರಬೇಕು.

ಸಗಣಿ ಹುಳಕ್ಕೆ ಮಾತ್ರ ನಮ್ಮಲ್ಲಿ ಯಾವ ನ್ಯಾಯವೂ ಸಿಕ್ಕಲಿಲ್ಲ. ಗಾದೆಯಲ್ಲೂ ಸಗಣಿಯವನಿಗಿಂತ ಗಂಧದವನೇ ಮೇಲು. ದನ ಹೋದ ದಾರಿಯಲ್ಲಿ ತನಗಿಂತ ದೊಡ್ಡ ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ ಹಿಂಗಾಲಿನಿಂದ ಒದೆಯುತ್ತ ಅದು ಹಿಮ್ಮುಖವಾಗಿ ಹೋಗುವುದನ್ನು ನೋಡಿ. ದಾರಿ ನೆಟ್ಟಗಿರುತ್ತದೆ. ಸಗಣಿಯ ಹತ್ತಿರವೇ ಸುತ್ತಿದರೆ ಉಂಡೆ ಕದಿಯಲು ಸೋಮಾರಿ ಬಂಧುಗಳು ಕಾದಿರುತ್ತಾರೆ. ಬೇಗ ದೂರ ಹೋಗಬೇಕು, ನೇರವಾಗಿಯೇ ಹೋಗಬೇಕು. ಆಗಾಗ ಉಂಡೆಯ ಮೇಲೆ ಹತ್ತಿ ಒಂದು ಸುತ್ತು ತಿರುಗುತ್ತದೆ. ಅದು ಕುಣಿತವಲ್ಲ, ಆಕಾಶ ನೋಡಿ ದಿಕ್ಕು ಹಿಡಿಯುವುದು. ಹಗಲು ಸೂರ್ಯ ಸರಿ, ಚಂದ್ರನೂ ಇಲ್ಲದ ರಾತ್ರಿ? ಸ್ವೀಡನ್ನಿನ ಮರೀ ಡಾಕೆ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕಾದಲ್ಲಿ ಸಗಣಿ ಹುಳಗಳ ತಲೆಗೆ ಪುಟ್ಟ ರಟ್ಟಿನ ಟೋಪಿ ಹಾಕಿ ನೋಡಿದರು. ದಾರಿ ತಪ್ಪಿದವು. ಜೋಹಾನ್ಸ್‌ಬರ್ಗ್‌ನ ತಾರಾಲಯಕ್ಕೆ ಒಯ್ದು ನಕಲಿ ಆಕಾಶದಲ್ಲಿ ಆಕಾಶಗಂಗೆಯನ್ನಷ್ಟೇ ತೋರಿಸಿದರು. ನೆಟ್ಟಗೆ ಹೋದವು. 2013ರಲ್ಲಿ ಇದು ಪ್ರಕಟವಾಯಿತು. ಆಕಾಶಗಂಗೆಯನ್ನು ನೋಡಿ ದಾರಿ ಹಿಡಿಯುವ ಪ್ರಾಣಿ ಎಂದು ಮೊದಲು ಸಾಬೀತಾದದ್ದು ಸಗಣಿ ಉರುಳಿಸುವ ಹುಳ. ಗಾದೆ ಕಟ್ಟಿದವರು ಇದನ್ನು ಗಮನಿಸಬೇಕು.

ಕೆಲವಕ್ಕೆ ಗುರುತು ಹೇಳುವುದು ಸುಲಭ. ಅಂಗಾತ ಬಿದ್ದ ಉದ್ದನೆಯ ಹುಳ ಕಾಲಾಡಿಸದೆ ಟಕ್ಕೆಂದು ಗೇಣೆತ್ತರ ಚಿಮ್ಮಿದರೆ ಅದರ ಎದೆಯಲ್ಲಿ ಒಂದು ಮೊಳೆ, ಮೊಳೆಗೊಂದು ಗುಳಿ ಇದೆಯೆಂದು ತಿಳಿಯಿರಿ. ಹಲಸಿನ ಮರದ ಉದ್ದಮೀಸೆಯ ದುಂಬಿಯನ್ನು ಹಿಡಿದರೆ ಕಿರ್‌ಕಿರ್ ಎಂದು ಗೊಣಗುತ್ತದೆ, ಬಾಯಿಂದಲ್ಲ, ಕತ್ತು ಉಜ್ಜಿ. ಹೊಳೆಯ ಮರಳಿನ ಮೇಲೆ ಓಡಿ, ನಿಂತು, ಮತ್ತೆ ಓಡುವುದು ಹುಲಿದುಂಬಿ. ಓಟದ ವೇಗಕ್ಕೆ ಅದರ ಕಣ್ಣಿಗೆ ಬೇಟೆ ಕಾಣದಂತಾಗುತ್ತದೆ, ಅದಕ್ಕೇ ನಡುವೆ ನಿಂತು ಮತ್ತೆ ಗುರಿ ಹಿಡಿಯುವುದು ಎಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೋಲ್ ಗಿಲ್ಬರ್ಟ್ ತೋರಿಸಿಕೊಟ್ಟರು.

ಈಗ ಮೊಬೈಲಿನಲ್ಲಿ ಫೋಟೋ ಹಿಡಿದರೆ ಹೆಸರು ಹೇಳುವ ಆ್ಯಪ್‌ಗಳಿವೆ. ನನ್ನ ತಂಗಿಯ ಮಗಳು ರಜೆಗೆ ಬಂದಾಗ ಹೀಗೆ ಹಿಡಿದು, "ಮಾವ, ಇದು ಲ್ಯೂಕೋಫೋಲಿಸ್" ಎಂದಳು. ಪಕ್ಕದಲ್ಲಿದ್ದ ನಮ್ಮ ತೋಟದ ಕೆಲಸದವನು ತಲೆಯನ್ನೂ ಎತ್ತದೆ, "ಬೇರುಹುಳದ ಅಮ್ಮ ಅದು. ಮಳೆ ಹಿಡಿದ ಮೇಲೆ ಮುಸ್ಸಂಜೆ ಏಳ್ತದೆ. ಸ್ವಲ್ಪ ಹೊತ್ತು ಅಷ್ಟೆ. ಆಗ ಹಿಡಿದು ಕೊಂದ್ರೆ ಆಯ್ತು, ಇಲ್ದಿದ್ರೆ ವರ್ಷವಿಡೀ ಅಡಿಕೆ ಬೇರು ತಿಂತದೆ" ಎಂದ. ಹೆಸರು ಇಬ್ಬರೂ ಹೇಳಿದರು. ಅಡಿಕೆ ತೋಟ ಉಳಿಯುವುದು ಎರಡನೆಯವನ ಮಾತಿನಿಂದ. ಆ್ಯಪ್‌ಗೆ ಮುಸ್ಸಂಜೆ ಗೊತ್ತಿಲ್ಲ.

ಗೊತ್ತಿರಲೇಬೇಕಾದ ಹುಳವೂ ಒಂದಿದೆ. ಮಳೆಗಾಲದಲ್ಲಿ ಜಗಲಿಯ ಬಲ್ಬಿಗೆ ಬರುವವರ ಜೊತೆ ಅದೂ ಬರುತ್ತದೆ. ನೋಡಲು ಇರುವೆಯ ಹಾಗೆ, ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಕಪ್ಪು ತಲೆ, ಕಿತ್ತಳೆ ಎದೆ, ನೀಲಿ ಹೊಳಪಿನ ಮೊಟಕು ಕವಚ, ಮತ್ತೆ ಕಿತ್ತಳೆ ಹೊಟ್ಟೆ, ತುದಿ ಕಪ್ಪು. ಪತ್ರಿಕೆಗಳು ನೈರೋಬಿ ನೊಣ ಎನ್ನುತ್ತವೆ, ಜನ ಆಸಿಡ್ ಹುಳ ಎನ್ನುತ್ತಾರೆ. ನೊಣವಲ್ಲ, ದುಂಬಿಯೇ. ನಡುಬೆನ್ನಿನ ಗೆರೆ ನೋಡಿ. 2022ರಲ್ಲಿ ಸಿಕ್ಕಿಂನ ವಿದ್ಯಾರ್ಥಿಗಳ ಮೈಯೆಲ್ಲ ಬೊಬ್ಬೆ ಎಬ್ಬಿಸಿ ಸುದ್ದಿಯಾದದ್ದು ಇದೇ. ಇದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ವಿಷ ಇರುವುದು ಅದರ ಮೈಯೊಳಗಿನ ರಸದಲ್ಲಿ. ಆ ವಿಷವೂ ಅದರ ಸ್ವಂತದ್ದಲ್ಲ, ಅದರೊಳಗೆ ವಾಸಿಸುವ ಬ್ಯಾಕ್ಟೀರಿಯಾ ತಯಾರಿಸಿದ್ದು. ಕತ್ತಿನ ಮೇಲೆ ಹರಿದಾಡಿತೆಂದು ಚಟ್ಟನೆ ಹೊಡೆದು ಉಜ್ಜಿದಿರೋ, ಒಂದೆರಡು ದಿನದಲ್ಲಿ ಬೆಂಕಿ ತಾಗಿದಂತೆ ಗೀಟು ಗೀಟಾಗಿ ಬೊಬ್ಬೆ ಏಳುತ್ತದೆ.

ಆದ್ದರಿಂದ ಈ ಮಳೆಗಾಲದಲ್ಲಿ ಮೈಮೇಲೆ ಕೂತದ್ದು ಯಾವುದೆಂದು ಕಾಣುವವರೆಗೆ ಹೊಡೆಯಬೇಡಿ. ಕಿತ್ತಳೆ ಕಪ್ಪು ಪಟ್ಟಿ ಕಂಡರೆ ಬಾಯಿಂದ ಊದಿ ಹಾರಿಸಿ, ಇಲ್ಲವೇ ಒಂದು ಕಾಗದದ ಮೇಲೆ ಹತ್ತಿಸಿ ಹೊರಗೆ ಬಿಡಿ. ಕೈತಪ್ಪಿ ಅರೆದುಹೋದರೆ ಕೂಡಲೇ ಸೋಪು ಹಾಕಿ ತೊಳೆದುಕೊಳ್ಳಿ, ಆ ಕೈಯನ್ನು ಕಣ್ಣಿಗೆ ಮಾತ್ರ ಒಯ್ಯಬೇಡಿ.